ಕೆಂಪು ಹರಳಿನ ಬಿಲ್ಲಿನಲ್ಲಿ ಏನಿರಬೇಕು?

ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟ್‌ನಲ್ಲೋ ಹಲಸೂರಿನ ಬಜಾರಿನಲ್ಲೋ ಕೆಂಪಿನ ಓಲೆ ಕೊಳ್ಳುವವರು ಈಗ ಓಲೆಯ ಹಿಂಬದಿ ತಿರುಗಿಸಿ ಹಾಲ್‌ಮಾರ್ಕ್ ಹುಡುಕುತ್ತಾರೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯೂ ಇರಲೇಬೇಕು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೀವೇ ಪರಿಶೀಲಿಸಬಹುದು. ಆದರೆ ಆ ಗುರುತು ಚಿನ್ನದ ಶುದ್ಧತೆಯನ್ನಷ್ಟೇ ಹೇಳುತ್ತದೆ. ಕೂಡಿಸಿದ ಕೆಂಪು ಗಣಿಯದ್ದೋ, ಪ್ರಯೋಗಾಲಯದ್ದೋ, ಗಾಜಿನದ್ದೋ ಎಂಬುದಕ್ಕೆ ಅದು ಹೊಣೆಯಲ್ಲ. ಕುಂದಣ, ಪೋಲ್ಕಿ, ಜಡಾವು ಒಡವೆಗಳಿಗಂತೂ ಕಡ್ಡಾಯ ಹಾಲ್‌ಮಾರ್ಕ್‌ನಿಂದಲೇ ವಿನಾಯಿತಿ ಇದೆ. ಹರಳಿನ ವಿಷಯದಲ್ಲಿ ಗ್ರಾಹಕರ ಕೈಗೆ ಸಿಗುವ ಮೊದಲ ಸಾಕ್ಷಿ ಬಿಲ್.

‘ಬಿಲ್ ಹಾಕಿದ್ರೆ ಜಿಎಸ್‌ಟಿ ಬೀಳುತ್ತೆ, ಎಸ್ಟಿಮೇಟ್ ಸಾಕಲ್ವಾ ಮೇಡಂ’ ಎಂದರೆ ಒಪ್ಪಲೇಬೇಡಿ. ಶೇ 3ರ ತೆರಿಗೆ ಉಳಿಸಲು ಹೋಗಿ ಇಡೀ ಹಕ್ಕನ್ನೇ ಕೈಬಿಟ್ಟಂತಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47)ರ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ.

ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ ಬೇರೆ, ಹರಳಿನ ತೂಕ ಬೇರೆ ಇರಬೇಕು. ಹರಳಿನ ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. 10 ಗ್ರಾಂ ತೂಗುವ ಓಲೆಯಲ್ಲಿ 10 ಕ್ಯಾರಟ್ ಹರಳಿದ್ದರೆ ಚಿನ್ನ 8 ಗ್ರಾಂ ಮಾತ್ರ. ಒಟ್ಟು ತೂಕಕ್ಕೇ ಚಿನ್ನದ ದರ ಹಾಕಿದರೆ 2 ಗ್ರಾಂ ಕಲ್ಲಿಗೆ ಬಂಗಾರದ ಬೆಲೆ ಕೊಟ್ಟಂತೆ, ಅದರ ಮೇಲೆ ವೇಸ್ಟೇಜ್ ಬೇರೆ.

ಹರಳಿನ ವಿವರವನ್ನೂ ಬರೆಸಿಕೊಳ್ಳಿ. ಬರೀ ‘ರೂಬಿ’ ಎಂದರೆ ಸಾಲದು. ಕೆಂಪನ್ನು ಕಾಯಿಸಿ ಬಣ್ಣ ಏರಿಸುವುದು ವ್ಯಾಪಾರದಲ್ಲಿ ಒಪ್ಪಿತ ಕ್ರಮ. ಬಿರುಕುಗಳಿಗೆ ಸೀಸದ ಗಾಜು ತುಂಬಿದ ಹರಳಿನ ಬೆಲೆ ಮಾತ್ರ ಬಹಳ ಕಡಿಮೆ. ಅಕ್ಕಸಾಲಿಗರ ಊದುಗೊಳವೆಯ ಬೆಂಕಿಗಷ್ಟೇ ಅಲ್ಲ, ನಿಂಬೆರಸಕ್ಕೂ ಅದು ಕೆಡಬಹುದು. ‘ಅಮೆರಿಕನ್ ಡೈಮಂಡ್’ ವಜ್ರವೇ ಅಲ್ಲ, ಕ್ಯೂಬಿಕ್ ಜಿರ್ಕೋನಿಯಾ. ಸಿವಿಡಿ ವಜ್ರ ನಿಜಕ್ಕೂ ವಜ್ರವೇ, ಆದರೆ ಯಂತ್ರದಲ್ಲಿ ಬೆಳೆದದ್ದು. ಶಾಖ ಅಳೆಯುವ ಪೆನ್ ಟೆಸ್ಟರ್ ಅದನ್ನು ಗಣಿಯ ವಜ್ರದಿಂದ ಬೇರ್ಪಡಿಸದು. ಮೊಯ್ಸನೈಟನ್ನೂ ವಜ್ರವೆಂದೇ ತೋರಿಸಬಹುದು. ಕೌಂಟರಿನ ಮೇಲೆ ‘ಕೀಂಯ್’ ಎಂದ ಸದ್ದನ್ನು ನಂಬಿ ದುಡ್ಡು ಕೊಡಬೇಡಿ. ದುಬಾರಿ ಹರಳಾದರೆ ಒಡವೆಗೆ ಕೂಡಿಸುವ ಮೊದಲೇ ಸ್ವತಂತ್ರ ರತ್ನ ಪರೀಕ್ಷಾ ಪ್ರಯೋಗಾಲಯದ ವರದಿ ಕೇಳಿ. ಕೂಡಿಸಿದ ಮೇಲೆ ಹರಳಿನ ತೂಕ ಅಂದಾಜಷ್ಟೇ. ಅಂಥ ಅನೇಕ ಪ್ರಯೋಗಾಲಯಗಳಲ್ಲಿ ಹರಳಿನ ಗುರುತು ಹಿಡಿಯುವ ಉಪಕರಣವೊಂದು ಕೆಲಸ ಮಾಡುವುದು ನಮ್ಮ ಬೆಂಗಳೂರಿನಲ್ಲೇ ಬಾಳಿದ ಸಿ.ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಪರಿಣಾಮದ ಆಧಾರದ ಮೇಲೆ.

ಮೋಸ ಹೋಗಿದ್ದೇವೆ ಎನಿಸಿದರೆ ಬೇರೆ ಅಕ್ಕಸಾಲಿಗರ ಬಳಿ ಹರಳು ಕೀಳಿಸಬೇಡಿ. ‘ಕಲ್ಲು ಬದಲಾಗಿದೆ’ ಎಂಬ ವಾದಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ. ಒಡವೆಯನ್ನು ಇದ್ದಂತೆಯೇ ಇಟ್ಟು, ಅಂಗಡಿಗೆ ಬರಹದಲ್ಲಿ ದೂರು ಕೊಡಿ. ಬಿಲ್ಲಿನಲ್ಲಿ ಅವಧಿ ನಮೂದಾಗಿರದಿದ್ದರೆ, ದೋಷವಿರುವ ಸರಕು ವಾಪಸ್ ಪಡೆದು 30 ದಿನದೊಳಗೆ ಹಣ ಕೊಡಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ.

ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಅಲ್ಲೇ ವಿಚಾರಣೆ. 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಜೈಪುರದಲ್ಲಿ ಕೊಂಡ ಪಚ್ಚೆಗೂ ಕೆ.ಆರ್. ಪುರದ ನಿವಾಸಿ ಬೆಂಗಳೂರಿನಲ್ಲೇ ದೂರು ದಾಖಲಿಸಬಹುದು. ದೂರಿಗೆ ಕಾರಣ ಉಂಟಾದಂದಿನಿಂದ ಎರಡು ವರ್ಷ ಮೀರಬಾರದು.

ಹೆಚ್ಚಿನವರಿಗೆ ಗೊತ್ತಿರದ ಬಲವೊಂದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 38ರಲ್ಲಿದೆ. ಪರೀಕ್ಷೆಯಿಲ್ಲದೆ ದೋಷ ತಿಳಿಯದಂಥ ಸರಕಾದರೆ ಆಯೋಗವೇ ಅದನ್ನು ಸೀಲ್ ಮಾಡಿ ಸೂಕ್ತ ಪ್ರಯೋಗಾಲಯಕ್ಕೆ ಕಳಿಸುತ್ತದೆ. 45 ದಿನದೊಳಗೆ ವರದಿ ಕೇಳುತ್ತದೆ. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು. ದೂರಿನಲ್ಲೇ ಈ ಕೋರಿಕೆಯನ್ನು ಸ್ಪಷ್ಟವಾಗಿ ಬರೆದು, ಬಿಲ್, ಹಣ ಪಾವತಿಯ ದಾಖಲೆ, ಅಂಗಡಿಗೆ ಕೊಟ್ಟ ಪತ್ರದ ಪ್ರತಿಗಳನ್ನು ಲಗತ್ತಿಸಿ.