ಓಟದ ಕಾರಿನ ಬಲ ಎಲ್ಲಿ ಸೋರುತ್ತದೆ?

ಸೀವುಡ್ಸ್‌ನ ನಮ್ಮ ವಾಚನಾಲಯಕ್ಕೆ ಗ್ಯಾರೇಜಿನಲ್ಲಿ ದುಡಿಯುವ ತರುಣರೂ ಬರುತ್ತಾರೆ. "ಎಂಜಿನ್ನು ಚೆನ್ನಾಗಿದೆ, ಆದರೂ ಓಟದಲ್ಲಿ ಕಾರು ಬಲಗುಂದುವುದೇಕೆ?" ಎಂಬುದು ಅವರ ಪ್ರಶ್ನೆ. ನಾವು ಗಿರಣಿಯ ಲೆಕ್ಕ ಬರೆಯುವವರು. ಲೆಕ್ಕ ತಪ್ಪಿದರೆ ಪುಸ್ತಕ ಹರಿಯುವುದಿಲ್ಲ. ತಪ್ಪು ಯಾವ ಸಾಲಿನಲ್ಲಿ ಹುಟ್ಟಿತೆಂದು ಹುಡುಕುತ್ತೇವೆ. ಇಲ್ಲಿಯೂ ಅದೇ ಕ್ರಮ.

2013ರ ಅಕ್ಟೋಬರ್ 27ರಂದು ಗ್ರೇಟರ್ ನೊಯಿಡಾದ ಬುದ್ಧ ಸರ್ಕ್ಯೂಟಿನಲ್ಲಿ ಫಾರ್ಮುಲಾ ಒನ್ ಓಟ ನಡೆಯಿತು. ಸುತ್ತಿಗೆ 5.125 ಕಿಲೋಮೀಟರ್, ಒಟ್ಟು 60 ಸುತ್ತು. ಮುಂದಿನವರ ಜೊತೆಗಿದ್ದ ಮಾರ್ಕ್ ವೆಬ್ಬರ್ ಅವರ ಕಾರು ನಡುವೆಯೇ ನಿಂತಿತು. ಕೆಟ್ಟದ್ದು ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರ್. ವಿದ್ಯುತ್ತಿಲ್ಲದಿದ್ದರೆ ಎಂಜಿನ್ನಿಗೆ ಕಿಡಿಯೂ ಇಲ್ಲ.

ಆದುದರಿಂದ ಮೊದಲು ಕೇಳಬೇಕಾದದ್ದು, ಬಲ ಹೋಗುವುದು ಯಾವಾಗ?

1. ಉದ್ದನೆಯ ತಿರುವಿನಲ್ಲಿ, ಟ್ಯಾಂಕು ಬರಿದಾಗುತ್ತ ಬಂದಾಗ ಮಾತ್ರ ಎಂಜಿನ್ನು ತೊದಲಿದರೆ, ಪೆಟ್ರೋಲು ಒಂದು ಬದಿಗೆ ಸರಿದು ಪಂಪಿಗೆ ಸಿಗುತ್ತಿಲ್ಲವೆಂದು ತಿಳಿಯಬೇಕು. ಟ್ಯಾಂಕು ತುಂಬಿಸಿ ಅದೇ ತಿರುವಿನಲ್ಲಿ ನೋಡಿರಿ.

2. ನೇರ ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸೊರಗಿದರೆ, ಪೆಟ್ರೋಲಿನ ಒತ್ತಡ ಅಳೆಯಿರಿ. ಫಿಲ್ಟರು ಕಟ್ಟಿರಬಹುದು, ಪಂಪು ದಣಿದಿರಬಹುದು. ಟರ್ಬೊ ಇದ್ದರೆ ಗಾಳಿಯ ಕೊಳವೆಯ ಬಿರುಕನ್ನೂ ನೋಡಿರಿ. ಪೆಟ್ರೋಲು ಸಾಲದಿದ್ದರೂ ಒತ್ತಿ ಓಡಿಸಿದರೆ ಪಿಸ್ಟನ್ನೇ ಕರಗಬಹುದು, ಕೂಡಲೇ ನಿಲ್ಲಿಸಿರಿ.

3. ಮೊದಲ ಸುತ್ತುಗಳು ಚುರುಕಾಗಿದ್ದು ಆಮೇಲೆ ಬಲ ಕುಗ್ಗಿದರೆ, ಬಿಸಿಯನ್ನು ಶಂಕಿಸಿರಿ. ಒಳಸೇರುವ ಗಾಳಿ ಕಾದಷ್ಟೂ ತೆಳುವಾಗುತ್ತದೆ. ಎಂಜಿನ್ನು ಬಡಿಯದಿರಲೆಂದು ಅದರ ಕಂಪ್ಯೂಟರು ಕಿಡಿಯನ್ನು ತಡಮಾಡುತ್ತದೆ, ಬಲ ಇಳಿಯುತ್ತದೆ.

4. ಎಂಜಿನ್ನಿನ ಸುತ್ತು ಏರಿದರೂ ವೇಗ ಏರದಿದ್ದರೆ, ಎಂಜಿನ್ನನ್ನು ಬೈಯಬೇಡಿರಿ. ಕ್ಲಚ್ಚು ಜಾರುತ್ತಿರಬಹುದು, ಇಲ್ಲವೇ ಚಕ್ರ ಹಿಡಿತ ತಪ್ಪಿರಬಹುದು.

ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಫಲವನ್ನು ಚೀಟಿಯಲ್ಲಿ ಬರೆದಿಡಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾದರೂ ಯಾವುದರಿಂದ ವಾಸಿಯಾಯಿತೆಂದು ತಿಳಿಯದು. ಊಹೆಯ ರಿಪೇರಿಯಲ್ಲಿ ಮಾಲೀಕನ ಹಣವೂ ಹೋಗುತ್ತದೆ, ಕೆಲಸಗಾರನ ಹೆಸರೂ ಹೋಗುತ್ತದೆ. ಘಟ್ಟ ಹತ್ತಲಾರದ ಟೆಂಪೊಗೂ ಇದೇ ವಿಚಾರಣೆ ಸಾಕು.

ಕೊನೆಗೊಂದು ಮಾತು. ನಮ್ಮ ಮಗ್ಗುಲಿನ ಪಾಮ್ ಬೀಚ್ ರಸ್ತೆ ನೇರವಾಗಿದೆ, ರಾತ್ರಿ ಆಸೆ ಹುಟ್ಟಿಸುತ್ತದೆ. ಪರೀಕ್ಷೆಗೆ ಅದು ಸ್ಥಳವಲ್ಲ. ಅಲ್ಲಿ ಪಾಳಿ ಮುಗಿಸಿ ಮನೆಗೆ ಹೊರಟವರು ನಮ್ಮವರೇ ಇರುತ್ತಾರೆ. ಕಾರಿನ ಬಲವನ್ನು ಓಟದ ಅಂಗಳದಲ್ಲಿಯೇ ಅಳೆಯೋಣ.