ವಾಹನದ ವಿದ್ಯುತ್ ವ್ಯವಸ್ಥೆ: ಹೆಚ್ಚುವರಿ ಉಪಕರಣಗಳ ಲೆಕ್ಕಾಚಾರ

ಸರಕು ಸಾಗಣೆಯ ಲಘು ವಾಹನವು ಅನೇಕ ವರ್ತಕರಿಗೆ ಚಲಿಸುವ ಅಂಗಡಿಯೂ ಆಗಿದೆ. ತರಕಾರಿ ಮಾರುವ ವಾಹನಕ್ಕೆ ಧ್ವನಿವರ್ಧಕ, ಬೇಕರಿ ತಿನಿಸುಗಳ ವಾಹನಕ್ಕೆ ಒಳದೀಪ ಹಾಗೂ ಫ್ಯಾನ್, ಬಿಲ್ಲಿಂಗ್ ಯಂತ್ರಕ್ಕೆ ಚಾರ್ಜರ್, ಹೀಗೆ ಉಪಕರಣಗಳು ಒಂದೊಂದಾಗಿ ಸೇರುತ್ತವೆ. ಇವುಗಳ ಬೆಲೆಯಲ್ಲಿ ಚೌಕಾಸಿ ಮಾಡುವ ಮಾಲೀಕರು ಇವು ಬಳಸುವ ವಿದ್ಯುತ್ತಿನ ಲೆಕ್ಕ ಹಾಕುವುದು ವಿರಳ. ಬೆಳಗಿನ ಜಾವ ಮಾರುಕಟ್ಟೆಗೆ ಹೊರಡಬೇಕಾದ ವಾಹನ ಸ್ಟಾರ್ಟ್ ಆಗದೆ ನಿಂತಾಗ, ಅಥವಾ ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಬಂದಾಗ ಮಾತ್ರ ಅದು ನೆನಪಾಗುತ್ತದೆ.

ಲಘು ವಾಹನಗಳಲ್ಲಿರುವುದು ಸಾಮಾನ್ಯವಾಗಿ 12 ವೋಲ್ಟ್ ವ್ಯವಸ್ಥೆ. ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲನೆಯಲ್ಲಿದ್ದಾಗ ಆಲ್ಟರ್ನೇಟರ್ ಅದನ್ನು 14 ವೋಲ್ಟಿನ ಆಸುಪಾಸಿಗೆ ಏರಿಸುತ್ತದೆ. ಆಲ್ಟರ್ನೇಟರಿನ ಮೇಲೆ ನಮೂದಿಸಿರುವ ಆಂಪಿಯರ್ ಪ್ರಮಾಣ ದೊರೆಯುವುದು ಎಂಜಿನ್ ವೇಗವಾಗಿ ತಿರುಗುವಾಗ. ಐಡ್ಲಿಂಗ್‌ನಲ್ಲಿ ಅದು ಬಹಳ ಕಡಿಮೆ. ಎಂಜಿನ್ ನಿಲ್ಲಿಸಿದ ಮೇಲಂತೂ ಸಂಪೂರ್ಣ ಭಾರ ಬ್ಯಾಟರಿಯ ಮೇಲೆಯೇ.

ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ಧ್ವನಿವರ್ಧಕ 60, ದೀಪಗಳು 30, ಫ್ಯಾನ್ 30 ವ್ಯಾಟ್ ಬಳಸುತ್ತವೆಂದು ಭಾವಿಸಿದರೆ ಒಟ್ಟು 120 ವ್ಯಾಟ್, ಅಂದರೆ 10 ಆಂಪಿಯರ್. ವಾಹನ ನಿಲ್ಲಿಸಿ 4 ಗಂಟೆ ವ್ಯಾಪಾರ ಮಾಡಿದರೆ 40 ಆಂಪಿಯರ್-ಅವರ್ ಖರ್ಚು. ಬ್ಯಾಟರಿ 60 ಆಂಪಿಯರ್-ಅವರ್‌ನದಾಗಿದ್ದರೆ ಮೂರರಲ್ಲಿ ಎರಡು ಪಾಲು ಮುಗಿಯಿತು. ವಾಹನದ ಬ್ಯಾಟರಿಯನ್ನು ರೂಪಿಸಿರುವುದು ಸ್ಟಾರ್ಟ್ ಮಾಡುವ ಕ್ಷಣದಲ್ಲಿ ನೂರಾರು ಆಂಪಿಯರ್ ಒದಗಿಸುವುದಕ್ಕೆ. ಪದೇ ಪದೇ ಇಷ್ಟು ಆಳಕ್ಕೆ ಬರಿದಾದರೆ ಅದರ ತೆಳುವಾದ ಪ್ಲೇಟುಗಳು ಬೇಗನೆ ಹಾಳಾಗುತ್ತವೆ. ನಿತ್ಯ ಇಂತಹ ಬಳಕೆಯಿದ್ದಲ್ಲಿ ಆಳವಾದ ಬಳಕೆಗೆಂದೇ ತಯಾರಾದ ಎರಡನೆಯ ಬ್ಯಾಟರಿಯನ್ನು, ಎಂಜಿನ್ ನಿಂತಾಗ ಮೊದಲನೆಯದರಿಂದ ಬೇರ್ಪಡಿಸುವ ಐಸೋಲೇಟರ್ ಸಹಿತ ಅಳವಡಿಸುವುದು ಸೂಕ್ತ. ಆರಂಭದ ವೆಚ್ಚ ಹೆಚ್ಚೆನಿಸಿದರೂ ವರ್ಷ ವರ್ಷ ಬ್ಯಾಟರಿ ಬದಲಿಸುವುದಕ್ಕಿಂತ ಅದು ಲೇಸು.

ತಂತಿಯ ವಿಷಯದಲ್ಲಿ ಉಳಿತಾಯ ಸಲ್ಲದು. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿಸಿದರೆ, ಹೋಗಿ ಬರುವ ಒಟ್ಟು 10 ಮೀಟರ್ ಉದ್ದಕ್ಕೆ ಸುಮಾರು 2 ವೋಲ್ಟ್ ನಷ್ಟವಾಗುತ್ತದೆ; 2.5 ಚದರ ಮಿಲಿಮೀಟರ್ ತಂತಿಯಲ್ಲಿ ಈ ನಷ್ಟ ಸುಮಾರು 0.8 ವೋಲ್ಟ್ ಮಾತ್ರ. ನಷ್ಟವಾದದ್ದು ತಂತಿಯಲ್ಲಿ ಶಾಖವಾಗುತ್ತದೆ. ಫ್ಯೂಸ್ ಇರುವುದು ಮುಖ್ಯವಾಗಿ ತಂತಿಯ ರಕ್ಷಣೆಗೆ. ಆದ್ದರಿಂದ ಅದನ್ನು ಉಪಕರಣದ ಬಳಿಯಲ್ಲಲ್ಲ, ಬ್ಯಾಟರಿಯ ಸಮೀಪದಲ್ಲಿ ಹಾಕಬೇಕು. ಮೇಲಿನ ಉದಾಹರಣೆಗೆ 2.5 ಚದರ ಮಿಲಿಮೀಟರ್ ತಂತಿ ಹಾಗೂ 15 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡದನ್ನು ಹಾಕುವುದು, ಇನ್ನೂ ಕೆಟ್ಟದೆಂದರೆ ತಂತಿಯ ಎಳೆಯನ್ನೇ ಸುತ್ತುವುದು, ಬೆಂಕಿಗೆ ಆಹ್ವಾನ.

ಹೆಚ್ಚು ಆಂಪಿಯರ್ ಬಳಸುವ ಉಪಕರಣವನ್ನು ವಾಹನದ ಮೂಲ ಸ್ವಿಚ್ಚಿಗೆ ನೇರವಾಗಿ ಜೋಡಿಸದೆ ರಿಲೇ ಮೂಲಕ ನಡೆಸಬೇಕು. ಸ್ವಿಚ್ಚಿನಲ್ಲಿ ಆಗ ಹರಿಯುವುದು ರಿಲೇ ಸುರುಳಿಗೆ ಬೇಕಾದ ಅತ್ಯಲ್ಪ ವಿದ್ಯುತ್ ಮಾತ್ರ. ಹೆಡ್‌ಲೈಟಿಗೆ 55 ವ್ಯಾಟ್ ಬದಲು 100 ವ್ಯಾಟ್ ಬಲ್ಬ್ ಹಾಕಿ ಸ್ವಿಚ್ ಕರಗಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾರಿ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯಲಾಗುತ್ತದೆ. 12 ವೋಲ್ಟಿನ ಸ್ಟೀರಿಯೋಗೆ ಒಂದೇ ಬ್ಯಾಟರಿಯಿಂದ ಸಂಪರ್ಕ ಕೊಡುವ ರೂಢಿ ಸಾಮಾನ್ಯ. ಆದರೆ ಚಾರ್ಜಿಂಗ್ ವ್ಯವಸ್ಥೆಗೆ ತಿಳಿಯುವುದು ಎರಡರ ಒಟ್ಟು ವೋಲ್ಟೇಜ್ ಮಾತ್ರ. ಬಳಕೆಯಾದ ಬ್ಯಾಟರಿ ಹಸಿದಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಕಳೆದುಕೊಳ್ಳುತ್ತದೆ. 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಇದಕ್ಕೆ ಸರಿಯಾದ ಪರಿಹಾರ.

ಇತ್ತೀಚಿನ ಹಲವು ವಾಹನಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಸೆನ್ಸರ್ ಇದ್ದು, ಅದರ ಮಾಹಿತಿಯಂತೆ ಕಂಪ್ಯೂಟರ್ ಚಾರ್ಜಿಂಗನ್ನು ನಿಯಂತ್ರಿಸುತ್ತದೆ. ಇಂತಹವುಗಳಲ್ಲಿ ಉಪಕರಣದ ಅರ್ತಿಂಗ್ ತಂತಿಯನ್ನು ಬ್ಯಾಟರಿಯ ತುದಿಗೆ ಬಿಗಿಯದೆ, ತಯಾರಕರು ಸೂಚಿಸಿದ ಬಾಡಿಯ ಬಿಂದುವಿಗೆ ಜೋಡಿಸಬೇಕು. ಇಲ್ಲವಾದರೆ ಆ ಉಪಕರಣದ ಬಳಕೆ ಸೆನ್ಸರಿನ ಲೆಕ್ಕಕ್ಕೇ ಬರುವುದಿಲ್ಲ.