ಕಾಕರಣೆ ಹಕ್ಕಿಯನ್ನು ಗುರುತಿಸುವ ಬಗೆ

ಕಾಡಂಚಿನ ದಟ್ಟ ನೆರಳಿನ ತೋಟಗಳಲ್ಲಿ ಕಾಕರಣೆ ಹಕ್ಕಿ ಇದ್ದರೂ ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಸುಮಾರು 30 ಸೆಂ.ಮೀ. ಉದ್ದದ ಈ ಹಕ್ಕಿ ಕೊಂಬೆಯ ಮೇಲೆ ನೆಟ್ಟಗೆ, ಅಲುಗಾಡದೆ ಕೂರುತ್ತದೆ. ನಮ್ಮನ್ನು ಕಂಡರೆ ಕಂದು ಬೆನ್ನನ್ನು ಇತ್ತ ತಿರುಗಿಸುವುದರಿಂದ ಹೊಟ್ಟೆಯ ಬಣ್ಣ ಮರೆಯಾಗುತ್ತದೆ.

ಗಂಡಿನ ತಲೆ, ಎದೆ ಕಪ್ಪು, ಹೊಟ್ಟೆ ಕಡುಗೆಂಪು, ನಡುವೆ ಬಿಳಿಯ ಪಟ್ಟಿ. ಹೆಣ್ಣಿಗೆ ಈ ಪಟ್ಟಿಯಿಲ್ಲ. ತಲೆ ಕಂದು, ಹೊಟ್ಟೆ ಕಿತ್ತಳೆ ಛಾಯೆಯ ಕಂದು.

ಕೀಟಗಳೇ ಇದರ ಮುಖ್ಯ ಆಹಾರ. ಫೆಬ್ರವರಿಯಿಂದ ಮೇವರೆಗೆ, ಒಣಗಿ ಮೆತ್ತಗಾದ ಮರದ ಬೊಡ್ಡೆಯಲ್ಲಿ ಪೊಟರೆ ಕೊರೆದು ಸಾಮಾನ್ಯವಾಗಿ 2 ಮೊಟ್ಟೆ ಇಡುತ್ತದೆ. ಸೌದೆಗೆಂದು ಅಂಥ ಬೊಡ್ಡೆಗಳನ್ನೆಲ್ಲ ಕಡಿದರೆ ಗೂಡಿಗೆ ಜಾಗವೇ ಉಳಿಯದು. ಕಾಂಡಕೊರಕ ತಗುಲಿದ ಕಾಫಿ ಗಿಡವನ್ನು ಕಿತ್ತು ಸುಡಲೇಬೇಕು, ನಿಜ. ಆದರೆ ಆಳುಕಾಳುಗಳಿಗೆ ಅಪಾಯವಿಲ್ಲದ ಕಡೆ ನೆರಳು ಮರದ ಒಂದೆರಡು ಒಣ ಬೊಡ್ಡೆಗಳನ್ನಾದರೂ ನಾವು ಉಳಿಸೋಣ.